ಗಿಡ್ಡ ತೋಪನ್ನು ನಿಲ್ಲಿಸಿ ಹೊಯ್ದದ್ದು

ತೋಪಿನ ಬಾಯಿಗೆ ಟಾರ್ಚ್ ಹಿಡಿದು ಒಳಗೆ ನೋಡಿದ ಮ್ಯೂಸಿಯಂ ಮೇಡಂ ಬೆನ್ನು ನೆಟ್ಟಗೆ ಮಾಡಿ ನಿಂತರು. ಆಮೇಲೆ ಟಾರ್ಚನ್ನು ನನ್ನ ಕೈಗೆ ಕೊಟ್ಟು, "ನೀವೂ ಒಮ್ಮೆ ನೋಡಿಬಿಡಿ" ಎಂದರು. ನಾನು ಬೆಳಿಗ್ಗೆಯೇ ನೋಡಿದ್ದೆ. ಬಾಯಿಯ ಹತ್ತಿರ ನಟ್ಟನಡುವೆ ಇದ್ದ ತೂತು ಒಳಕ್ಕೆ ಹೋದಂತೆ ಮೆಲ್ಲಗೆ ಸರಿದು, ತಳ ಮುಟ್ಟುವ ಹೊತ್ತಿಗೆ ಒಂದು ಪಕ್ಕಕ್ಕೆ ಒರಗಿಕೊಂಡಿತ್ತು. ಹೊರಗಿನಿಂದ ಲಕ್ಷಣವಾದ ತೋಪು. ಒಳಗೆ ಸೊಟ್ಟ.

"ಮಕ್ಕಳು ಮೊದಲು ನೋಡುವುದೇ ಬಾಯಿಯೊಳಗೆ. ಇದನ್ನು ನಾನು ತೆಗೆದುಕೊಳ್ಳಲಾರೆ," ಎಂದರು ಅವರು.

"ನಾವೂ ಕೊಡುವುದಿಲ್ಲ," ಎಂದೆ. ಪಕ್ಕದಲ್ಲಿ ನಿಂತಿದ್ದ ನಮ್ಮ ಫೌಂಡ್ರಿಯ ಯಜಮಾನರ ಮುಖ ನೋಡಲು ಹೋಗಲಿಲ್ಲ.

ನಾನು ಬರ್ಮಿಂಗ್‌ಹ್ಯಾಮಿನ ಪಶ್ಚಿಮಕ್ಕೆ, ಒಂದು ಹಳೆಯ ಕಾಲುವೆಯ ದಂಡೆಯ ಮೇಲಿರುವ ಸಣ್ಣ ಫೌಂಡ್ರಿಯಲ್ಲಿ ಮೆಥಡ್ಸ್ ಇಂಜಿನಿಯರ್. ಕಬ್ಬಿಣದ ರಸ ಅಚ್ಚಿನೊಳಗೆ ಎಲ್ಲಿಂದ ಇಳಿಯಬೇಕು, ಗಾಳಿ ಎಲ್ಲಿಂದ ಹೊರಬೀಳಬೇಕು, ಯಾವ ಭಾಗ ಮೊದಲು ಆರಬೇಕು ಎಂದು ಎರಕ ಹೊಯ್ಯುವ ಮುಂಚೆಯೇ ತೀರ್ಮಾನಿಸುವುದು ನನ್ನ ಕೆಲಸ. ಬೆಳಗಾವಿಯಲ್ಲಿ ಪಂಪುಗಳ ಎರಕ ಮಾಡುತ್ತ ಕಲಿತದ್ದು. ಮನೆ ಡಾಕ್ಟರುಗಳೇ ತುಂಬಿರುವ ಎಜ್‌ಬಾಸ್ಟನ್‌ ಬಡಾವಣೆಯಲ್ಲಿ, ಹೆಂಡತಿ ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿರುವುದರಿಂದ. ನಮ್ಮ ಫೌಂಡ್ರಿಯ ಮೋಲ್ಡಿಂಗ್ ಮೇಸ್ತ್ರಿ ನನ್ನನ್ನು ಕರೆಯುವುದೇ "ಡಾಕ್ಟರ್" ಎಂದು. ಎಜ್‌ಬಾಸ್ಟನ್‌ನಲ್ಲಿದ್ದೂ ಡಾಕ್ಟರಾಗದ ಇಂಡಿಯನ್ ಅವನಿಗೆ ನಾನೊಬ್ಬನೇ ಗೊತ್ತಂತೆ. ಪಾಪ, ಹೆಸರಿಗಾದರೂ ಇರಲಿ ಎಂದು ಕೊಟ್ಟ ಪದವಿ. ಅವನು ಆ ಕಡೆಯದೇ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ನಾನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮ್ಯೂಸಿಯಂ ಇದ್ದದ್ದು ಲೀಡ್ಸ್ ಕಡೆ, ಸಮುದ್ರ ಕಾಣದ ಊರಲ್ಲಿ. ಅಲ್ಲಿಯ ಒಂದು ಹಾಲಿನೊಳಗೆ ನೆಪೋಲಿಯನ್ ಕಾಲದ ಸಣ್ಣ ಯುದ್ಧನೌಕೆಯೊಂದರ ಡೆಕ್ಕನ್ನು, ಒಂದು ಪಕ್ಕದ್ದಷ್ಟೇ, ನಿಜ ಅಳತೆಯಲ್ಲಿ ಕಟ್ಟುತ್ತಿದ್ದರು. ಬ್ರಿಗ್-ಸ್ಲೂಪ್ ಎಂದು ಅದರ ಜಾತಿ. ಹಾಯಿ ಕಟ್ಟಲು ಎರಡೇ ಕೂವೆಮರಗಳಿರುವ ಹಡಗು. ಕ್ರೂಸರ್ ಎಂಬ ವರ್ಗಕ್ಕೆ ಸೇರಿದ್ದು. ಈಗಿನ ನೌಕಾಪಡೆಯ ಕ್ರೂಸರಿಗೂ ಇದಕ್ಕೂ ಸಂಬಂಧವಿಲ್ಲ. ಯುದ್ಧದ ಅವಸರದಲ್ಲಿ ಒಂದೇ ನಕ್ಷೆ ಇಟ್ಟುಕೊಂಡು ನೂರರ ಆಸುಪಾಸು ಹಡಗು ಕಟ್ಟಿದರಂತೆ. ಫೌಂಡ್ರಿಯವನಿಗೆ ಆ ಮಾತು ಕೇಳಿದರೇ ಖುಷಿ: ಒಂದು ಪ್ಯಾಟರ್ನು, ನೂರು ಪ್ರತಿ.

ಇಷ್ಟು ಸಣ್ಣ ಹಡಗಿನ ಮೇಲೆ ಉದ್ದದ ತೋಪು ಇಟ್ಟರೆ ಭಾರಕ್ಕೆ ಹಡಗೇ ವಾಲುತ್ತದೆ. ಅದಕ್ಕೇ ಕ್ಯಾರನೇಡ್ ಎಂಬ ಗಿಡ್ಡ, ದಪ್ಪ ತೋಪು ಮಾಡಿದರು. ಉದ್ದ ಒಬ್ಬ ಸಣ್ಣ ಹುಡುಗನಷ್ಟು, ಭಾರ ಒಂದು ಟನ್ನಿಗಿಂತ ತುಸು ಕಡಿಮೆ. ಆದರೆ ಉಗುಳುವ ಗುಂಡು ದೊಡ್ಡ ಹಡಗಿನ ತೋಪಿನದಷ್ಟೇ ದೊಡ್ಡದು. ದೂರಕ್ಕೆ ಹೊಡೆಯಲಾರದು, ಹತ್ತಿರ ಸಿಕ್ಕಿದವರನ್ನು ಬಿಡಲಾರದು. "ದೂರ ನಿಂತು ಹೊಡೆಯುವ ಶತ್ರು ಸಿಕ್ಕರೆ ಈ ಹಡಗುಗಳು ಸುಮ್ಮನೆ ಏಟು ತಿನ್ನಬೇಕಿತ್ತು. ಹಾಗಾಗಿ ಕ್ಯಾಪ್ಟನ್‌ಗೆ ಒಂದೇ ಧ್ಯಾನ, ಹತ್ತಿರ ಹೋಗುವುದು," ಎಂದು ಮೇಡಂ ಮೊದಲ ಭೇಟಿಯಲ್ಲಿ ನನಗೆ ವಿವರಿಸಿದ್ದರು. ಒಂದು ಪಕ್ಕಕ್ಕೆ ಎಂಟು ಕ್ಯಾರನೇಡ್. ಎಂಟೂ ಕಬ್ಬಿಣದ್ದೇ ಬೇಕೆಂಬುದು ಅವರ ಆಸೆ. ಫೈಬರ್‌ಗ್ಲಾಸಿನಲ್ಲಿ ಮಾಡಿಸಿ ಕಪ್ಪು ಬಣ್ಣ ಬಳಿದರೆ ಸಾಕೆಂಬುದು ಅವರ ಟ್ರಸ್ಟಿಗಳ ಅಭಿಪ್ರಾಯ. ಸಿಡಿಸುವ ಮಾತೇ ಇರಲಿಲ್ಲ. ಬತ್ತಿ ಇಡುವ ಕಿಂಡಿಯನ್ನೇ ಕೊರೆಯುವುದಿಲ್ಲವೆಂದು ಮೊದಲೇ ಒಪ್ಪಂದವಾಗಿತ್ತು.

ನಮ್ಮಲ್ಲಿ ಎರಡು ವಿಭಾಗ. ಒಂದು ಕಡೆ ಮಶೀನು ಸಣ್ಣ ಸಣ್ಣ ಅಚ್ಚುಗಳನ್ನು ಬಿಡುವಿಲ್ಲದೆ ಒತ್ತಿ ಕೊಡುತ್ತದೆ. ಇನ್ನೊಂದು ಕಡೆ ಕೈಯಿಂದ ದೊಡ್ಡ ಅಚ್ಚು ಮಾಡುವ ಅಂಗಳ. ಅಲ್ಲಿ ಮೇಸ್ತ್ರಿ ಮತ್ತು ಅವನ ಮೂವರು ಮೋಲ್ಡರುಗಳು. ಅಂಗಳಕ್ಕೆ ಕೆಲಸ ಬರುವುದು ಕಡಿಮೆಯಾಗುತ್ತಲೇ ಇತ್ತು. ಯಜಮಾನರು ಮುಚ್ಚಿಬಿಡುವ ಯೋಚನೆಯಲ್ಲಿದ್ದರು. ಈ ಎಂಟು ತೋಪು ಸಿಕ್ಕರೆ ಅಂಗಳ ಉಳಿಯುತ್ತದೆ ಎಂದು ಅವರ ಎದುರು ಕುಳಿತು ಒಪ್ಪಿಸಿದವನು ನಾನು. ಮೊದಲನೆಯದು ಸೊಟ್ಟಗಾಗಿ ಕೂತಿತ್ತು.

ಮೇಡಂ ಹೊರಡುವಾಗ ನೇರವಾಗಿಯೇ ಹೇಳಿದರು: "ಇನ್ನೊಂದು ಅವಕಾಶ ಕೊಡಿಸಬಲ್ಲೆ. ಅದೂ ಹೀಗೇ ಆದರೆ ಟ್ರಸ್ಟಿಗಳು ಫೈಬರ್‌ಗ್ಲಾಸ್ ಎನ್ನುತ್ತಾರೆ, ನನ್ನ ಹತ್ತಿರ ಉತ್ತರವಿರುವುದಿಲ್ಲ."

ತಪ್ಪು ಎಲ್ಲಿಯದೆಂದು ನನಗೆ ಗೊತ್ತಿತ್ತು. ತೋಪನ್ನು ಮಲಗಿಸಿ ಅಚ್ಚು ಮಾಡಿದ್ದೆವು. ಒಳಗಿನ ತೂತು ಬರಲೆಂದು ಮರಳಿನದೇ ಒಂದು ಕೋಲು, ನಾವು ಕೋರ್ ಅನ್ನುತ್ತೇವೆ, ಅಚ್ಚಿನ ನಡುವೆ ಇಟ್ಟಿದ್ದೆವು. ಪಂಪಿನ ಎರಕದಲ್ಲಿ ಕೋರಿಗೆ ಎರಡೂ ತುದಿಯಲ್ಲಿ ಆಧಾರ ಸಿಗುತ್ತದೆ. ತೋಪಿಗೆ ಒಂದೇ ಬಾಯಿ, ಹಿಂಭಾಗ ಮುಚ್ಚಿರುತ್ತದೆ. ಹಾಗಾಗಿ ಕೋರಿಗೂ ಒಂದೇ ತುದಿಯಲ್ಲಿ ಹಿಡಿತ. ಕಬ್ಬಿಣದ ರಸ ಮರಳಿಗಿಂತ ಎಷ್ಟೋ ಪಾಲು ಭಾರ. ಬಕೆಟ್ ನೀರಿನಲ್ಲಿ ಒತ್ತಿ ಹಿಡಿದ ತೆಂಗಿನಕಾಯಿ ಕೈ ಬಿಟ್ಟ ಕೂಡಲೇ ಹೇಗೆ ಮೇಲಕ್ಕೆ ಚಿಮ್ಮುತ್ತದೋ ಹಾಗೆ ಕೋರಿನ ಹಿಡಿತವಿಲ್ಲದ ತುದಿ ಮೇಲಕ್ಕೆದ್ದಿತ್ತು. ನಡುವೆ ಆಧಾರಕ್ಕಿಟ್ಟ ತಗಡಿನ ಸಣ್ಣ ಬಿಲ್ಲೆಗಳು ಅಷ್ಟು ದಪ್ಪ ಕಬ್ಬಿಣದ ಬಿಸಿಗೆ ಕರಗಿಹೋಗಿದ್ದವು.

ಆ ಭಾನುವಾರ ಡರ್ಬಿಯಿಂದ ಮೈಸೂರಿನ ಗೆಳೆಯರೊಬ್ಬರು ಊಟಕ್ಕೆ ಬಂದರು. ಲೋಹ ಹೇಗೆ ಆರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಅವರ ಕಸುಬು. ಊಟದ ಮೇಜಿನ ಮೇಲೆ ಎಣ್ಣೆಗಾಯಿಯ ಪಾತ್ರೆಯನ್ನು ಆಚೆ ಸರಿಸಿ ಲ್ಯಾಪ್‌ಟಾಪ್ ತೆರೆದರು. ಕೋರನ್ನೇ ಬಿಟ್ಟುಬಿಡೋಣ, ತೋಪನ್ನು ಬಾಯಿ ಮೇಲಾಗಿ ನಿಲ್ಲಿಸಿ, ಒಳಗೆ ತೂತಿಲ್ಲದೆ ಗಟ್ಟಿಯಾಗಿ ಹೊಯ್ಯೋಣ, ಆಮೇಲೆ ಕೊರೆಯೋಣ ಎಂದೆ ನಾನು. ಆ ಕಾಲದಲ್ಲಿ ಹಾಗೇ ಮಾಡುತ್ತಿದ್ದರೆಂದು ಮೇಡಂ ಹೇಳಿದ್ದರು. ನನಗೆ ಆಗ ಅದು ಹಳಬರ ಹಟ ಅನ್ನಿಸಿತ್ತು, ಈಗ ಕಾರಣ ಕಾಣತೊಡಗಿತ್ತು.

ಗೆಳೆಯರು ಲೆಕ್ಕ ಓಡಿಸಿ ತಲೆ ಅಲ್ಲಾಡಿಸಿದರು. "ಸಾರ್, ಏನು ಮಾಡಿದ್ರೂ ನಟ್ಟನಡುವೆ ಸ್ಪಂಜ್ ಥರ ಆಗುತ್ತೆ. ಇಲ್ನೋಡಿ, ಕೊನೇವರೆಗೂ ಕೆಂಪಗೇ ಉಳ್ಕೊಳ್ತಾ ಇದೆ."

"ಎಷ್ಟು ದಪ್ಪ ಇದೆ ಅದು?"

"ನಮ್ಮ ಮಣಿಕಟ್ಟಿನಷ್ಟು ಇರಬಹುದು."

"ನಾವು ಕೊರೆದು ತೆಗೆಯೋದು ತೊಡೆಯಷ್ಟು."

ಅವರು ಒಂದು ಕ್ಷಣ ನನ್ನ ಮುಖ ನೋಡಿ ನಕ್ಕರು. "ಹಾಗಾದ್ರೆ ರೋಗ ಇರೋ ಜಾಗವನ್ನೇ ಆಪರೇಷನ್ ಮಾಡಿ ತೆಗೆದುಬಿಡ್ತೀರಿ ಅನ್ನಿ."

"ಎಜ್‌ಬಾಸ್ಟನ್ನಿನಲ್ಲಿದ್ದು ಮತ್ತೇನು ಮಾಡ್ಲಿ?"

ಅಡುಗೆಮನೆಯಿಂದ ಹೆಂಡತಿ, "ಆಪರೇಷನ್ ಆಮ್ಯಾಲ ಮಾಡ್ರಿ, ಮೊದಲ ರೊಟ್ಟಿ ಆರತಾವು," ಎಂದಳು.

ನಿಲ್ಲಿಸಿ ಹೊಯ್ಯಬೇಕೆಂದರೆ ಎತ್ತರ ಬೇಕು. ತೋಪಿನ ಮೇಲೆ ಇನ್ನೊಂದಿಷ್ಟು ಕಬ್ಬಿಣವನ್ನು ತಲೆಯ ಹಾಗೆ ಇಡಬೇಕು. ಕೆಳಗಿನದು ಆರಿ ಕುಗ್ಗುವಾಗ ಈ ತಲೆ ಮೇಲಿನಿಂದ ರಸ ಇಳಿಸಿ ತುಂಬುತ್ತದೆ. ಕೊನೆಗೆ ಅದನ್ನು ಕತ್ತರಿಸಿ ಹಾಕುತ್ತೇವೆ. ಇಷ್ಟೆಲ್ಲ ಸೇರಿದ ಅಚ್ಚು ನನ್ನ ತಲೆಗಿಂತ ಎತ್ತರವಾಗುತ್ತದೆ. ಅದರ ಮೇಲೆ ರಸ ತುಂಬಿದ ದೊಡ್ಡ ಪಾತ್ರೆ, ಲೇಡಲ್, ತೂಗಬೇಕೆಂದರೆ ನಮ್ಮ ಕ್ರೇನಿನ ಕೊಕ್ಕೆ ಅಷ್ಟು ಮೇಲೆ ಹೋಗುವುದಿಲ್ಲ. ಉಳಿದದ್ದು ಅಂಗಳದ ಮೂಲೆಯ ಹಳೆಯ ಗುಂಡಿ. ಇಟ್ಟಿಗೆ ಕಟ್ಟಿದ, ಬಾವಿಯಂಥ ದುಂಡು ಗುಂಡಿ. ಹಲಗೆ ಮುಚ್ಚಿ ಮೇಲೆ ಹಳೆ ಸಾಮಾನು ಪೇರಿಸಿದ್ದರು.

ಮೇಸ್ತ್ರಿಗೆ ಹೇಳಿದಾಗ ಅವನು ಹಲಗೆಯನ್ನು ಬೂಟಿನಿಂದ ತಟ್ಟಿದ. "ನಾನು ಇಲ್ಲಿಗೆ ಸೇರಿದಾಗಲೇ ಇದು ಮುಚ್ಚಿತ್ತು, ಡಾಕ್ಟರ್. ಒಳಗೆ ಹಳೆ ಯಜಮಾನರ ಅತ್ತೆ ಇರಬಹುದು."

ಅತ್ತೆ ಇರಲಿಲ್ಲ. ತುಕ್ಕು ಹಿಡಿದ ಸರಪಳಿ ಮತ್ತು ಒಂದು ಸೈಕಲ್ ಇದ್ದವು. ಗುಂಡಿ ಚೊಕ್ಕಟ ಮಾಡಿ, ಗ್ಯಾಸ್ ಬರ್ನರ್ ಇಳಿಸಿ ದಿನಗಟ್ಟಲೆ ಒಣಗಿಸಿದೆವು. ಅಚ್ಚು ತೆಗೆಯುವ ಮರದ ಮಾದರಿ ಪ್ಯಾಟರ್ನನ್ನು ಮೂರು ತುಂಡು ಮಾಡಿಸಿ, ಮೂರು ಕಬ್ಬಿಣದ ಬಾಕ್ಸುಗಳಲ್ಲಿ ಅಂಟು ಬೆರೆಸಿದ ಮರಳು ತುಂಬಿ ಗಟ್ಟಿಸಿದೆವು. ಅಚ್ಚಿನ ಒಳಮೈಗೆ ಸ್ಪಿರಿಟ್ ಕಲಸಿದ ಲೇಪ ಬಳಿದು ಬೆಂಕಿ ಹಚ್ಚಿದರೆ ನೀಲಿ ಜ್ವಾಲೆ ಒಮ್ಮೆ ಸುತ್ತಿ ಬಂದು ಆರುತ್ತದೆ. ಒಳಮೈ ಕಪ್ಪು ಕಲ್ಲಿನ ಹಾಗೆ ನುಣ್ಣಗಾಗುತ್ತದೆ. ಬಾಕ್ಸುಗಳನ್ನು ಒಂದರ ಮೇಲೊಂದು ಗುಂಡಿಯಲ್ಲಿ ಇಳಿಸಿ, ಸುತ್ತಲೂ ಒಣ ಮರಳು ತುಂಬಿ ದಮ್ಮಸು ಹೊಡೆದೆವು. ಅಚ್ಚಿನ ತಳದಿಂದ ಗಾಳಿ ಹೊರಬರಲು ಒಂದು ಕೊಳವೆಯನ್ನು ನೆಲದ ಮಟ್ಟದವರೆಗೆ ಏರಿಸಿದ್ದೆ.

ಹೊಯ್ಯುವ ದಿನ ಮೇಡಂ ಜೊತೆ ಟ್ರಸ್ಟಿಗಳೂ ಬಂದರು. ಹಳದಿ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು ನೆಲದ ಮೇಲಿನ ಎಚ್ಚರಿಕೆ ಗೆರೆಯ ಆಚೆ ಸಾಲಾಗಿ ನಿಂತರು. ಯಜಮಾನರು ಒಳ್ಳೆಯ ಸ್ಯಾಂಡ್‌ವಿಚ್ ತರಿಸಿದ್ದರು. ಆ ವಾರವೆಲ್ಲ ಮಳೆ ಹಿಡಿದಿತ್ತು. ತಗಡಿನ ಚಾವಣಿಯ ಮೇಲೆ ಆಗಲೂ ಸುರಿಯುತ್ತಿತ್ತು. ಕಬ್ಬಿಣ ಕರಗಿಸುವ ಫರ್ನೇಸುಗಳೆರಡೂ ತಯಾರು.

ನನ್ನದೊಂದು ರೂಢಿ. ದೊಡ್ಡ ಎರಕಕ್ಕೆ ಮುಂಚೆ ಊಟದ ಡಬ್ಬಿಯ ಸ್ಟೀಲ್ ಮುಚ್ಚಳವನ್ನು ಗಾಳಿಕೊಳವೆಯ ಬಾಯಿಗೆ ಅಡ್ಡ ಹಿಡಿಯುತ್ತೇನೆ. ಬೆಳಗಾವಿಯಲ್ಲಿ ಎಲ್ಲರೂ ಮಾಡುತ್ತಿದ್ದೆವು. ತೇವ ಅಳೆಯುವ ಮೀಟರು ನಮ್ಮಲ್ಲಿ ಇದೆ, ಅದನ್ನೂ ಬಳಸುತ್ತೇವೆ. ಆದರೆ ಅದು ಚುಚ್ಚಿದ ಜಾಗದ ಮರಳಿನ ಸುದ್ದಿ ಮಾತ್ರ ಹೇಳುತ್ತದೆ. ಇಡೀ ಅಚ್ಚು ಏನು ಉಸಿರಾಡುತ್ತಿದೆ ಎಂದು ತಣ್ಣಗಿನ ಮುಚ್ಚಳ ಹೇಳುತ್ತದೆ. ಬರೀ ಮಬ್ಬು ಕೂತು ಹಾರಿಹೋದರೆ ಸರಿ. ಹನಿಗಟ್ಟಿದರೆ ಸರಿಯಲ್ಲ.

ಮುಚ್ಚಳ ಹಿಡಿದೆ. ಮಬ್ಬು ಕೂತಿತು. ಕಾದೆ. ಮಬ್ಬು ಹಾರಲಿಲ್ಲ, ಸಣ್ಣ ಸಣ್ಣ ಮಣಿಯಾಯಿತು, ಮಣಿಗಳು ಕೂಡಿಕೊಂಡವು. ಮುಚ್ಚಳ ಓರೆ ಮಾಡಿದರೆ ಒಂದು ಹನಿ ಜಾರಿ ನನ್ನ ಬೂಟಿನ ಮೇಲೆ ಬಿತ್ತು. ಒರೆಸಿ ಮತ್ತೆ ಹಿಡಿದೆ. ಮತ್ತೆ ಅದೇ.

ಮೇಸ್ತ್ರಿ ನೋಡುತ್ತಿದ್ದ. ಕೈಗವಸು ತೆಗೆದ.

ಯಜಮಾನರು ಹತ್ತಿರ ಬಂದು ದನಿ ತಗ್ಗಿಸಿ, "ಇನ್ನೊಂದಿಷ್ಟು ಹೊತ್ತು ಬರ್ನರ್ ಹಿಡಿದರೆ ಆಗುವುದಿಲ್ಲವೇ?" ಎಂದರು.

"ಅಚ್ಚು ಒಣಗಿತ್ತು. ಈ ನೀರು ಹೊರಗಿನಿಂದ ಬರುತ್ತಿದೆ. ಎಷ್ಟು ಒಣಗಿಸಿದರೂ ಬರುತ್ತದೆ."

"ಒಂದು ಮುಚ್ಚಳ ನೋಡಿ ಹೇಳುತ್ತೀಯಾ? ಅಲ್ಲಿ ಯಾರು ನಿಂತಿದ್ದಾರೆ ಗೊತ್ತಲ್ಲ?"

"ಅವರು ನಿಂತಿರುವುದಕ್ಕೇ ಹೇಳುತ್ತಿದ್ದೇನೆ."

ಅಚ್ಚಿನ ತಳದಲ್ಲಿ ಒಂದು ಲೋಟ ನೀರಿದ್ದರೂ ಸಾಕು. ಅದರ ಮೇಲೆ ಟನ್ನುಗಟ್ಟಲೆ ಕರಗಿದ ಕಬ್ಬಿಣ ಬಿದ್ದರೆ ನೀರು ಒಂದೇ ಉಸಿರಿಗೆ ಹಬೆಯಾಗುತ್ತದೆ; ಹಬೆಗೆ ಜಾಗ ಬೇಕು, ಅದು ಕಬ್ಬಿಣವನ್ನು ಮೇಲಕ್ಕೆ ಎಸೆದು ಜಾಗ ಮಾಡಿಕೊಳ್ಳುತ್ತದೆ. ಆಗ ಗುಂಡಿಯೇ ತೋಪು, ನಾವೆಲ್ಲ ಅದರ ಬಾಯಿಯ ಮುಂದೆ. ಇದು ಯಜಮಾನರಿಗೂ ಗೊತ್ತು. ಗೊತ್ತಿದ್ದೂ ಇನ್ನೊಂದು ದಾರಿ ಇರಬಹುದೇ ಎಂದು ಒಂದು ಕ್ಷಣ ಆಸೆಪಟ್ಟರು. ಅಂಗಳ ಮುಚ್ಚುವ ಪತ್ರಕ್ಕೆ ಸಹಿ ಹಾಕಬೇಕಾದವರು ಅವರೇ, ಆಸೆಪಟ್ಟದ್ದು ತಪ್ಪಲ್ಲ.

"ಹೊಯ್ಯುವುದಿಲ್ಲ. ರಸವನ್ನು ತೊಟ್ಟಿಗಳಿಗೆ ಸುರಿಯಿರಿ," ಎಂದು ಗಟ್ಟಿಯಾಗಿ ಹೇಳಿದೆ. ಎಲ್ಲರಿಗೂ ಕೇಳಲಿ ಎಂದೇ.

ಕರಗಿದ ಕಬ್ಬಿಣವನ್ನು ಫರ್ನೇಸಿನಲ್ಲಿ ಆರಲು ಬಿಡುವಂತಿಲ್ಲ. ಸಾಲಾಗಿ ಇಟ್ಟ ಎರಕದ ತೊಟ್ಟಿಗಳಿಗೆ ಸುರಿದು ಗಟ್ಟಿ ಮಾಡಿ ಮತ್ತೊಮ್ಮೆ ಕರಗಿಸಲು ಇಟ್ಟುಕೊಳ್ಳುತ್ತೇವೆ. ಕೆಂಪು ಚೆಲ್ಲುತ್ತ ಅದು ಇಳಿಯುವುದನ್ನು ಟ್ರಸ್ಟಿಗಳು ಬಾಯಿ ತೆರೆದು ನೋಡಿದರು. ಒಬ್ಬರು ಮೇಸ್ತ್ರಿಯನ್ನು, "ಇವೇ ತೋಪುಗಳೋ?" ಎಂದು ಕೇಳಿದರು.

"ಇಲ್ಲ ಸರ್," ಎಂದ ಮೇಸ್ತ್ರಿ. "ಇವು ಮೊಟ್ಟೆ. ಮರಿಗೆ ಸ್ವಲ್ಪ ಕಾಯಬೇಕು."

ಅವರು ಸ್ಯಾಂಡ್‌ವಿಚ್ ತಿಂದು ಹೋದರು. ಮೇಡಂ ಹಿಂದೆ ಉಳಿದು ಮುಚ್ಚಳ ತೋರಿಸಿ ಎಂದರು. ತೋರಿಸಿದೆ. ತಿರುವಿ ನೋಡಿ ವಾಪಸು ಕೊಟ್ಟರು. "ತಿಂಗಳ ಕೊನೆಗೆ ಅವರ ಸಭೆ. ಅಷ್ಟರಲ್ಲಿ ಕೊರೆದ ತೋಪು ನನ್ನ ಕಣ್ಣಿಗೆ ಬಿದ್ದಿರಬೇಕು. ನೀವು ಇವತ್ತು ಮಾಡಿದ್ದು ಸರಿ ಎಂದು ನನಗೆ ಗೊತ್ತು. ಆದರೆ ಸಭೆಯಲ್ಲಿ ಅದನ್ನು ಮೇಜಿನ ಮೇಲೆ ಇಟ್ಟು ತೋರಿಸಲು ಬರುವುದಿಲ್ಲ."

ಬಾಕ್ಸುಗಳನ್ನು ಮೇಲೆತ್ತಿದಾಗ ತಳದ್ದು ತೇವಕ್ಕೆ ಕಪ್ಪಾಗಿತ್ತು. ಗುಂಡಿಯ ಇಟ್ಟಿಗೆ ಸಂದುಗಳಿಂದ ನೀರು ಒಸರುತ್ತಿತ್ತು. ಪಂಪು ಹಾಕಿ ತೆಗೆದೆವು. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ತಳ ಮಿನುಗುತ್ತಿತ್ತು. ಮಳೆಗೆ ಕಾಲುವೆ ತುಂಬಿ, ನೆಲದೊಳಗಿನ ನೀರು ಏರಿತ್ತು. ಸಿಮೆಂಟು ಗಿಲಾವು ಮಾಡಿಸಿದರೆ ಒಣಗಲಿಕ್ಕೇ ತಿಂಗಳು ಹೋಗುತ್ತದೆ.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳೂ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಮೆಂತ್ಯ ಬಿಡಿಸುತ್ತ ಕುಳಿತಿದ್ದಳು. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿ ನಗೆ ಬಂತು.

"ಅಲ್ರಿ, ಬಾವ್ಯಾಗ ನೀರು ಬಂತು ಅಂತ ಅಳೂ ಗಂಡಸನ್ನ ಇವತ್ತ ನೋಡಿದ್ನಿ."

"ನಗಬ್ಯಾಡ. ನಾಕ ಮಂದಿ ಕೆಲಸದ ಪ್ರಶ್ನೆ ಅದ."

"ನಗಲಾರದ ಏನ್ಮಾಡ್ಲಿ? ನೀರು ಬರಬ್ಯಾಡ ಅಂದ್ರ ಕೇಳತದೇನು? ಬರ್ಲಿ ಬಿಡ್ರಿ."

"ನಮ್ಮ ಕಡೆ ಬಾವಿಗೆ ಸಿಮೆಂಟ್ ರಿಂಗ್ ಇಳಸ್ತಾರಲ್ಲ, ಹಂಗ ಉಕ್ಕಿನ ರಿಂಗ್ ಇಳಿಸಿದ್ರ ಹೆಂಗ ಅಂತ ನೋಡಾಕತ್ತೇನಿ."

"ರಿಂಗಿಗೆ ತಳಾ ಎಲ್ಲೈತಿ? ನೀರು ತಳದಿಂದ ಬರೂದಿಲ್ಲೇನು?" ಮೆಂತ್ಯದ ದಂಟು ನನ್ನ ಕಡೆ ತೋರಿಸಿದಳು. "ರಿಂಗ್ ಅಲ್ರಿ, ಹಂಡೆ ಇಳಸ್ರಿ. ಹಂಡೆ ಸುತ್ತ ನೀರಿರ್ಲಿ, ಒಳಗ ಬರೂದಿಲ್ಲ."

ಅವಳ ಕೈಯ ದಂಟನ್ನೇ ನೋಡುತ್ತ ಕುಳಿತೆ. ನಾನು ಅಷ್ಟು ಹೊತ್ತು ನೀರನ್ನು ಗುಂಡಿಯಿಂದ ಹೊರಗಿಡುವುದು ಹೇಗೆ ಎಂದು ಯೋಚಿಸಿದ್ದೆ. ಅಚ್ಚನ್ನು ನೀರಿನಿಂದ ಹೊರಗಿಟ್ಟರೆ ಸಾಕಿತ್ತು.

"ಈಗ್ಯಾಕ ಮಾತಿಲ್ಲ?"

"ಹಂಡೆ ಎಲ್ಲಿ ಸಿಗತದ ಅಂತ ವಿಚಾರ ಮಾಡಾಕತ್ತೇನಿ."

"ನಮ್ಮ ಮನ್ಯಾಗಂತೂ ಇಲ್ಲ."

ಗುಜರಿಯವನ ಹತ್ತಿರ ಸಿಕ್ಕಿತು. ದಪ್ಪ ತಗಡಿನ ಹಳೆಯ ನೀರಿನ ಟ್ಯಾಂಕು, ದುಂಡಗಿನದು. ಮೇಲಿನ ಮುಚ್ಚಳ ಕತ್ತರಿಸಿ, ತಳದ ಬೆಸುಗೆ ಹೊಸದಾಗಿ ಹಾಕಿಸಿ, ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು ಸೋರುತ್ತದೆಯೇ ಎಂದು ಪರೀಕ್ಷೆ ಮಾಡಿದೆವು. ಸೋರಲಿಲ್ಲ. ಗುಂಡಿಯ ತಳದಲ್ಲಿ ಇಟ್ಟಿಗೆ ಜೋಡಿಸಿ ಅದರ ಮೇಲೆ ಟ್ಯಾಂಕನ್ನು ಕೂರಿಸಿದೆವು. ಸುತ್ತ ಒಂದು ಗೇಣು ಸಂದು ಬಿಟ್ಟು, ಆ ಸಂದಿನಲ್ಲಿ ಪಂಪು ಇಳಿಬಿಟ್ಟೆವು. ನೀರು ಎಷ್ಟಾದರೂ ಬರಲಿ, ಪಂಪು ತೆಗೆಯುತ್ತಿರಲಿ.

ಇಲ್ಲೂ ಒಂದು ಲೆಕ್ಕವಿತ್ತು. ಸುತ್ತ ನೀರು ಏರಿದರೆ ಖಾಲಿ ಟ್ಯಾಂಕು ತೇಲುತ್ತದೆ. ಒಳಗೆ ಅಚ್ಚಿದ್ದರೆ ಅಚ್ಚಿನ ಸಮೇತ ಅಲುಗಾಡಬಹುದು. ಪಂಪು ಕೆಟ್ಟು ಗುಂಡಿ ಪೂರ್ತಿ ತುಂಬಿದರೂ ಮರಳು, ಬಾಕ್ಸು, ಅಚ್ಚುಗಳ ಭಾರವೇ ಹೆಚ್ಚು ಎಂದು ಹಾಳೆಯ ಮೇಲೆ ಲೆಕ್ಕ ಹಾಕಿ ಮೇಸ್ತ್ರಿಗೆ ತೋರಿಸಿದೆ. ಅವನು ಹಾಳೆ ನೋಡಿದ, ಗುಂಡಿ ನೋಡಿದ.

"ಹಾಗೂ ತೇಲಿದರೆ, ಡಾಕ್ಟರ್?"

"ತೇಲಲಿ. ಹಡಗಿನ ತೋಪು ತಾನೇ?"

ಅವನು ನಕ್ಕು ಮೋಲ್ಡರುಗಳನ್ನು ಕರೆದ. ಅವತ್ತಿನಿಂದ ಅಂಗಳದಲ್ಲಿ ಮತ್ತೆ ಮರಳಿನ ದಮ್ಮಸಿನ ಸದ್ದು.

ಎರಡನೆಯ ಸಲ ಹೊಯ್ಯುವಾಗ ಮೇಡಂ ಒಬ್ಬರೇ ಬಂದರು. ಮಳೆ ನಿಂತಿರಲಿಲ್ಲ. ಸಂದಿನಲ್ಲಿ ಪಂಪು ಗೊಣಗುತ್ತಿತ್ತು. ನಾನು ಮುಚ್ಚಳ ಹಿಡಿದೆ. ಯಜಮಾನರು ನನ್ನ ಹೆಗಲ ಹಿಂದೆಯೇ ಬಗ್ಗಿ ನಿಂತಿದ್ದರು. ತೆಳ್ಳಗೆ ಮಬ್ಬು ಕೂತಿತು, ನೋಡುತ್ತಿದ್ದಂತೆ ಅಂಚಿನಿಂದ ಒಳಕ್ಕೆ ಕರಗಿ ಹೋಯಿತು. ಒರೆಸಿ ಒರೆಸಿ ಮೂರು ಸಲ ಹಿಡಿದೆ. ಮೂರು ಸಲವೂ ಹೊಳೆಯುವ ಸ್ಟೀಲು.

"ಹೊಯ್ಯಿರಿ," ಎಂದೆ.

ಆಮೇಲೆ ಮಾತಾಡುವ ಅಧಿಕಾರ ಮೇಸ್ತ್ರಿಯೊಬ್ಬನಿಗೇ. ಎರಡೂ ಫರ್ನೇಸಿನ ರಸ ಒಂದೇ ಲೇಡಲ್ಲಿಗೆ ಇಳಿಯಿತು. ಮೇಲೆ ತೇಲುವ ಕಿಟ್ಟವನ್ನು ಬಳಿದು ತೆಗೆದರು. ಕ್ರೇನು ನಿಧಾನಕ್ಕೆ ಬಂದು ನಿಂತಿತು. ಅವನ ಕೈ ಇಳಿದಂತೆ ಲೇಡಲ್ ಬಾಗಿತು. ನಡುವೆ ಎಲ್ಲೂ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಮೊದಲು ಹೋದ ಕಬ್ಬಿಣಕ್ಕೂ ಆಮೇಲೆ ಹೋದದ್ದಕ್ಕೂ ಬೆಸುಗೆ ಕೂಡುವುದಿಲ್ಲ. ಗಾಳಿಕೊಳವೆಯ ಬಾಯಲ್ಲಿ ಮರಳಿನ ಅಂಟಿನ ಹೊಗೆಗೆ ನೀಲಿ ದೀಪ ಹತ್ತಿಕೊಂಡು ಸಮನಾಗಿ ಉರಿಯಿತು. ಉಗುಳಲಿಲ್ಲ, ನಡುಗಲಿಲ್ಲ. ಅದು ಹಾಗೆ ಉರಿಯುತ್ತಿದ್ದರೆ ಒಳಗೆ ಎಲ್ಲ ಸರಿಯಿದೆ ಎಂದರ್ಥ. ಕೆಂಪು ವೃತ್ತ ಮೇಲೇರಿ ತಲೆಯ ತನಕ ಬಂದಾಗ ಮೇಸ್ತ್ರಿ ಮುಷ್ಟಿ ಹಿಡಿದ. ಲೇಡಲ್ ಎದ್ದಿತು.

ತಲೆಯ ಮೇಲೆ ಬಿಸಿ ಆರದಂತೆ ಕಾಯುವ ಪುಡಿ ಸುರಿದೆವು. ತುಸು ಹೊತ್ತಿಗೆ ಅದು ನಡುವೆ ಕುಸಿಯತೊಡಗಿತು. ಉಳಿಸಿಕೊಂಡಿದ್ದ ಬಿಸಿ ರಸವನ್ನು ಸಣ್ಣ ಲೇಡಲ್ಲಿನಿಂದ ಕುಡಿಸಿದೆವು. ಮತ್ತೆ ಕುಸಿಯಿತು, ಮತ್ತೆ ಕುಡಿಸಿದೆವು. "ಬಾಣಂತಿಗೆ ಕುಡಿಸಿದ ಹಾಗೆ," ಎಂದು ಮೇಡಂಗೆ ಹೇಳಬೇಕೆನಿಸಿತು. ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಬಿಟ್ಟೆ.

ಆಮೇಲಿನದು ಕಾಯುವ ಕೆಲಸ. ಅಷ್ಟು ದಪ್ಪದ ಕಬ್ಬಿಣವನ್ನು ಬೇಗ ಎತ್ತಿದರೆ ಹೊರಮೈ ತಣ್ಣಗಾಗಿ ಒಳಗೆ ಬಿಸಿ ಉಳಿದು ಸೀಳುತ್ತದೆ. ಯಜಮಾನರು ದಿನಾ ಬೆಳಿಗ್ಗೆ ಗುಂಡಿಯ ಹತ್ತಿರ ಹೋಗಿ ನನ್ನ ಕಡೆ ನೋಡುವರು. ನಾನು ತಲೆ ಅಲ್ಲಾಡಿಸುವೆ. ಕೊನೆಗೆ ಒಂದು ಬೆಳಿಗ್ಗೆ ಎತ್ತಿದೆವು. ಮರಳು ಉದುರಿಸಿ, ತಲೆಯನ್ನು ಗರಗಸದಿಂದ ಕತ್ತರಿಸಿ, ಪಕ್ಕದ ರಸ್ತೆಯ ಮಶೀನ್ ಶಾಪಿಗೆ ಲಾರಿಯಲ್ಲಿ ಕಳಿಸಿದೆವು.

ಕೊರೆಯುವ ದಿನ ಮೇಡಂ ನೇರವಾಗಿ ಅಲ್ಲಿಗೇ ಬಂದರು. ಮೊದಲು ಸಣ್ಣ ಡ್ರಿಲ್ ಇಳಿಯಿತು. ಮಶೀನಿನವನು ಹೊರಬಂದ ಪುಡಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ ಮಶೀನು ನಿಲ್ಲಿಸಿದ.

"ಇದರ ನಡು ಬ್ರೆಡ್ಡಿನ ಹಾಗಿದೆ. ತೂತೋ ತೂತು. ಮುಂದುವರಿಸಲೇ?"

ಮೇಡಂ ನನ್ನ ಕಡೆ ತಿರುಗಿದರು.

"ಮುಂದುವರಿಸಿ," ಎಂದೆ. "ಅದನ್ನು ಅಲ್ಲಿಗೆ ತರಬೇಕೆಂದೇ ಇಷ್ಟು ಮಾಡಿದ್ದು. ಎರಕದಲ್ಲಿ ದೋಷ ಇಲ್ಲದಿರುವುದಿಲ್ಲ ಮೇಡಂ. ಅದು ಎಲ್ಲಿ ಇರಬೇಕು ಎಂದು ನಾವು ಗೊತ್ತುಮಾಡಬಹುದು."

ಅಗಲದ ಉಳಿ ಹಾಕಿ ಮತ್ತೊಂದು ಸುತ್ತು ಕೊರೆದ. ಗೋಡೆಯ ಮೇಲೆ ಇನ್ನೂ ಚುಕ್ಕೆ ಚುಕ್ಕೆ. ಇನ್ನೊಂದು ಸುತ್ತು. ಚುಕ್ಕೆಗಳು ವಿರಳವಾದವು. ಮತ್ತೊಂದು ಸುತ್ತಿನಲ್ಲಿ ತಳದ ಹತ್ತಿರ ಒಂದೇ ಒಂದು ಕಪ್ಪು ಗುಳಿ ಉಳಿದಿತ್ತು, ಅವರೆಕಾಳಿನಷ್ಟು. ಡರ್ಬಿಯ ಗೆಳೆಯರ ಲೆಕ್ಕದಲ್ಲಿ ದೋಷ ಅಷ್ಟು ಹೊರಗೆ ಬರಬಾರದಿತ್ತು. ಕೊನೆಯ ಅಳತೆಗೆ ಇನ್ನೊಂದೇ ಸುತ್ತು ಬಾಕಿ.

ಮಶೀನಿನವನು ಉಳಿಗೆ ಹೊಸ ಅಲಗು ಹಾಕಿದ. ಬೂದು ಬಣ್ಣದ ಪುಡಿ ಸಮನಾಗಿ, ನುಣ್ಣಗೆ ಸುರಿಯತೊಡಗಿತು. ಉಳಿ ಹೊರಬಂದ ಮೇಲೆ ಅವನು ಗಾಳಿ ಊದಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

ಮೇಡಂ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ತೋಳು ಮೇಲೇರಿಸಿ, ಕೈಯನ್ನು ತೋಪಿನೊಳಕ್ಕೆ ಹೆಗಲಿನ ತನಕ ತೂರಿಸಿ, ಕಣ್ಣು ಮುಚ್ಚಿ ಸುತ್ತಲೂ ಸವರಿದರು. ನಿಧಾನಕ್ಕೆ, ಅವಸರವಿಲ್ಲದೆ. ಕೈ ಹೊರತೆಗೆದಾಗ ಅಂಗೈಯಿಂದ ಕಂಕುಳವರೆಗೆ ಮಸಿ. ಆ ಕೈಯಿಂದಲೇ ಫೋನು ತೆಗೆದು ಟ್ರಸ್ಟಿಗಳ ಅಧ್ಯಕ್ಷರಿಗೆ ಕರೆ ಮಾಡಿದರು.

"ಕಬ್ಬಿಣ," ಎಂದರು. ಆ ಕಡೆಯವರು ಏನೋ ಕೇಳಿದರು. "ಎಂಟೂ," ಎಂದರು.

ನಾನು ಹೊರಗೆ ಬಂದು ಫೌಂಡ್ರಿಗೆ ಫೋನು ಮಾಡಿದೆ. ಮೇಸ್ತ್ರಿಯೇ ಎತ್ತಿದ. ಹಿಂದಿನಿಂದ ದಮ್ಮಸಿನ ಸದ್ದು ಎಷ್ಟು ಜೋರಾಗಿತ್ತೆಂದರೆ ಸುದ್ದಿಯನ್ನು ಎರಡು ಸಲ ಹೇಳಬೇಕಾಯಿತು.

"ಸರಿ," ಎಂದ.

"ಅಲ್ಲಿ ಏನು ನಡೆದಿದೆ?"

"ಎರಡನೇ ತೋಪಿನ ತಳದ ಬಾಕ್ಸು. ಬೆಳಿಗ್ಗೆಯೇ ಶುರು ಮಾಡಿದೆವು."

"ಬೆಳಿಗ್ಗೆ ಇನ್ನೂ ಏನೂ ಗೊತ್ತಾಗಿರಲಿಲ್ಲವಲ್ಲ? ಇದು ಕೆಟ್ಟಿದ್ದರೆ?"

"ಕೆಟ್ಟಿದ್ದರೆ ಈ ಅಚ್ಚು ಒಡೆಯುತ್ತಿದ್ದೆವು, ಡಾಕ್ಟರ್. ಮರಳಿಗೇನು, ಮತ್ತೆ ಮರಳೇ," ಎಂದು ಫೋನಿಟ್ಟ.